ಸೊಲ್ಲಾಪುರದಲ್ಲಿ ಕರಡಿಗೆ ಹೋದದ್ದು

ಗುರುತಿಲ್ಲದ ಊರಿಗೆ ಹೋಗುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇಷ್ಟು. ಮೈಮೇಲೆ ಏನಾದರೂ ಹೊಲಸು ಬಿದ್ದರೆ ಮೊದಲು ತಲೆ ಎತ್ತಿ ನೋಡಿರಿ. ಮೇಲೆ ಗಿಡವಿಲ್ಲ, ತಂತಿಯಿಲ್ಲ, ಹಕ್ಕಿಯಿಲ್ಲ ಎಂದರೆ ಅದು ಬಿದ್ದದ್ದಲ್ಲ, ಯಾರೋ ಹಾಕಿದ್ದು. ಒರೆಸಲು ಬಂದವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿರಿ. ಮನೆ ಮುಟ್ಟುವ ತನಕ ಮೈಮೇಲೇ ಒಣಗಲಿ, ಹೊಲಸಿನಿಂದ ಯಾರೂ ಸಾಯುವುದಿಲ್ಲ.

ಇದನ್ನು ನಾನು ಕಲಿತದ್ದು ಸೊಲ್ಲಾಪುರದ ಸ್ಟೇಶನ್ನಿನ ಹೊರಗೆ, ಮದುವೆಯಾದ ಎರಡನೇ ವರ್ಷ. ನಮ್ಮ ಭಾಗ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ರಾಜ್ಯ ಯಾವುದಾದರೇನು, ಕಣ್ಣು ಕೆಟ್ಟರೆ, ಮದುವೆಗೆ ಸೀರೆ ಬೇಕಾದರೆ ಇಂಡಿ ಕಡೆಯ ಜನ ಓಡುತ್ತಿದ್ದದ್ದು ಸೊಲ್ಲಾಪುರಕ್ಕೇ. ನಮ್ಮ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಯಜಮಾನರೂ ನಾನೂ ಅವರನ್ನು ಅಲ್ಲಿಯ ಕಣ್ಣಿನ ದವಾಖಾನೆಗೆ ತೋರಿಸಬೇಕಿತ್ತು.

ಅತ್ತೆಯ ತವರು ಬಸವನ ಬಾಗೇವಾಡಿ. ಬಸವಣ್ಣ ಹುಟ್ಟಿದ ಊರಿನವಳು ನಾನು ಎಂದು ಜಗಳಕ್ಕೊಮ್ಮೆ ಹೇಳುವರು. ಆಚಾರದಲ್ಲಿ ನಮ್ಮ ಓಣಿಗೆಲ್ಲ ಅವರೇ ಹಿರಿಯರು. ಅವರ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ದಿನಾ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವರು ಒಂದು ಗುಟುಕು ನೀರು ಕುಡಿದವರಲ್ಲ.

ನನ್ನ ತವರು ಸಿಂದಗಿ ತಾಲೂಕಿನಲ್ಲಿ, ದೇವರ ಹಿಪ್ಪರಗಿಯ ಹತ್ತಿರ. ತಂದೆ ಇರಲಿಲ್ಲ. ಮನೆ ಅಣ್ಣನದು, ಅಣ್ಣ ಅವನ ಹೆಂಡತಿಯವನು. ನನ್ನನ್ನು ಗಂಡನ ಮನೆಗೆ ಕಳಿಸುವ ದಿನ ಆಕೆ ಉಡಿ ತುಂಬುತ್ತಲೇ ಹೇಳಿದ್ದಳು: “ಇನ್ನ ಪಂಚಮಿಗೊಮ್ಮಿ ಬಂದ್ರ ಸಾಕವಾ, ಅದೂ ಕರದ್ರ.” ಈ ಸಂಗತಿ ಅತ್ತೆಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ, ಒಂದು ಮುಚ್ಚಳ ಒಡೆದರೂ ಅದೇ ಮಾತು: “ಇನ್ನೊಂದು ತಪ್ಪು ಆಗಲಿ, ನಿನ್ನ ಅಣ್ಣನ ಬಾಗಲಾಗ ಕುಂದ್ರಿಸಿ ಬರ್ತೇನಿ.” ಆ ಬಾಗಿಲಿನ ಭಯದಲ್ಲಿಯೇ ನಾನು ಕಸ ಬಳಿಯುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ.

ಹೊರಡುವ ಮುಂಚೆ ಓಣಿಯವರೆಲ್ಲ ಬಂದು ಬುದ್ಧಿ ಹೇಳಿದರು. ದಾರಿಯಲ್ಲಿ ಯಾರು ಪೇಢೆ ಕೊಟ್ಟರೂ ತಿನ್ನಬ್ಯಾಡ್ರಿ, ಮದ್ದು ಹಾಕಿರ್ತಾರ. ಪೊಲೀಸ ಅದೇನಿ, ಗಂಟು ಬಿಚ್ಚಿ ತೋರಸ್ರಿ ಅಂದ್ರ ಬಿಚ್ಚಬ್ಯಾಡ್ರಿ. ಟಾಂಗಾದವ, ನೀವು ಹೇಳೂ ಧರ್ಮಶಾಲಿ ಮುಚ್ಚೈತಿ ಅಂದ್ರ ನಂಬಬ್ಯಾಡ್ರಿ, ತನ್ನ ಗುರುತಿನ ಖೋಲಿಗಿ ಒಯ್ದು ಸುಲೀತಾನ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು, ಎಲ್ಲವನ್ನೂ ಪಾಲಿಸಿದರು. ಹಣದ ಚೀಲ ಸೊಂಟಕ್ಕೆ, ಅದರ ಮೇಲೆ ಸೀರೆಯ ಮೂರು ಸುತ್ತು. ಇಂಡಿ ರೋಡ್ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದ ಮೇಲೆ ಎದುರಿಗೆ ಕುಳಿತ ಮುಸಲ್ಮಾನರ ಮುದುಕಿ ಪಾಪ ಚುರಮುರಿ ನೀಡಿದಳು.

“ದೂರ ಸರಿ ಅತ್ತ. ನಿಮ್ಮಂಥಾವರನ್ನ ಭಾಳ ಕಂಡೇನಿ” ಎಂದರು ಅತ್ತೆ.

ಮುದುಕಿ ನಕ್ಕು, “ತಿನಬ್ಯಾಡ ಬಿಡವಾ, ಬೈತೀ ಯಾಕ? ಇದು ನನ್ನ ಮೊಮ್ಮಗಂದು” ಎಂದು ತಾನೇ ತಿಂದಳು. ಆಕೆ ಸೊಲ್ಲಾಪುರದ ತನಕ ನಮ್ಮ ಗಂಟನ್ನು ತನ್ನ ಕಾಲಿನ ಪಕ್ಕದಲ್ಲಿಟ್ಟುಕೊಂಡು ಕಾದಳು. ಆ ದಿನ ನಮಗೆ ಆದ ಉಪಕಾರ ಅದೊಂದೇ.

ಸ್ಟೇಶನ್ನಿನ ಹೊರಗೆ ಯಜಮಾನರು ನಮ್ಮಿಬ್ಬರನ್ನು ಗೋಡೆಯ ನೆರಳಿಗೆ ನಿಲ್ಲಿಸಿ ಟಾಂಗಾ ಗೊತ್ತುಮಾಡಲು ಹೋದರು. ಬಿಸಿಲು ಹೊತ್ತಿ ಉರಿಯುತ್ತಿತ್ತು. ಒಂದು ಗಳಿಗೆಯೂ ಆಗಿರಲಿಲ್ಲ, ಹಿಂದಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಹಣೆಯ ತುಂಬ ವಿಭೂತಿ, ತಲೆಯ ತುಂಬ ಸೆರಗು, ಕೊರಳಲ್ಲಿ ಶಿವದಾರ.

“ಶರಣಾರ್ಥಿ ಯವ್ವಾ. ಬೆನ್ನಮ್ಯಾಲ ಕಾಗಿ ಹೇತೈತಿ ನೋಡ್ರಿ. ಅಯ್ಯಯ್ಯ, ಶಿವದಾರಕ್ಕೂ ಹತ್ತೈತಿ!”

ಅತ್ತೆಯ ಬೆನ್ನು ನೋಡಿದರೆ ಹೌದು. ಬೆಳ್ಳಗೆ, ಕಪ್ಪಗೆ, ಹುಳಿ ವಾಸನೆ. ಮೊಸರಿಗೆ ಮಸಿ ಕಲಸಿದರೆ ಹಾಗೆ ಆಗುತ್ತದೆ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಅತ್ತೆ ಬೆಂಕಿ ಬಿದ್ದವರ ಹಾಗೆ ಚೀರಿದರು. ಕಾಗೆಯ ಹೊಲಸು, ಅದೂ ಲಿಂಗದ ದಾರಕ್ಕೆ.

“ಗಾಬರಿ ಆಗಬ್ಯಾಡ್ರಿ, ಅಲ್ಲೇ ನಳ ಐತಿ. ಯಾವೂರವರು ಯವ್ವಾ ನೀವು?”

“ಇಂಡಿ ಕಡೆಯವರು. ತವರು ಬಾಗೇವಾಡಿ.”

“ಏನಂದ್ರಿ? ನಮ್ಮ ಅವ್ವನ ಊರೂ ಬಾಗೇವಾಡೀನ. ನನ್ನ ಕೊಟ್ಟದ್ದು ಮುದ್ದೇಬಿಹಾಳಕ್ಕ. ಹೊಟ್ಟಿಪಾಡಿಗಿ ಇಲ್ಲಿ ಬಂದು ಬಿದ್ದೇವಿ ನೋಡ್ರಿ.”

ಅತ್ತೆಯ ಮುಖ ಅರಳಿತು. ನಾನು ತಂಬಿಗೆ ತಗೊಂಡು ನಳಕ್ಕೆ ಹೋದೆ. ನೀರು ಹಿಡಿಯುತ್ತ ತಿರುಗಿ ನೋಡಿದೆ. ಆಕೆ ಏನೋ ಹೇಳಿದಳು. ಅತ್ತೆ ಶಿವದಾರವನ್ನು ತಲೆಯ ಮೇಲಿನಿಂದ ತೆಗೆದು, ಕರಡಿಗೆಯನ್ನು ಎರಡೂ ಕೈಯಿಂದ ಆಕೆಯ ಬೊಗಸೆಯಲ್ಲಿ ಇಟ್ಟರು. ಆಕೆ ಬಗ್ಗಿ ಅದನ್ನು ಕಣ್ಣಿಗೆ ಒತ್ತಿಕೊಂಡಳು. ನೀರು ಹಿಡಿಯುತ್ತಿದ್ದ ನನ್ನ ಕೈಗೆ, ಚುರಮುರಿ ಕೊಟ್ಟ ಮುದುಕಿಯ ಕೈಗೆ ಅತ್ತೆ ಒಂದು ಗುಂಡಿಯನ್ನೂ ಕೊಡುತ್ತಿರಲಿಲ್ಲ. ವಿಭೂತಿಯ ಕೈ ನೋಡಿ ಕೊಟ್ಟರು. ನಾನೂ ಕೂಗಲಿಲ್ಲ. ಆ ಕಣ್ಣಿಗೆ ಒತ್ತಿಕೊಂಡದ್ದು ನೋಡಿ ನನಗೂ ಸರಿ ಅನಿಸಿತು. ಈ ತಪ್ಪು ನನ್ನದೇ, ಒಪ್ಪುತ್ತೇನೆ.

ನಾನು ಬೆನ್ನಿಗೆ ನೀರು ಹಾಕಿದೆ, ಅತ್ತೆ ಬಗ್ಗಿ ಸೆರಗು ಹಿಂಡಿದರು. ತಲೆ ಎತ್ತಿದರೆ ಆಕೆ ಇಲ್ಲ. ಗೋಡೆಯ ಆಚೆ ಇಲ್ಲ, ಈಚೆ ಇಲ್ಲ. ಮೇಲೆ ನೋಡಿದೆ. ಬರೀ ಆಕಾಶ.

ಯಜಮಾನರು ಓಡಿಬಂದರು. ಅವರು ಏನು ಎಂದು ಕೇಳುವ ಮೊದಲೇ ಅತ್ತೆ ಎದೆ ಬಡಿದುಕೊಂಡು ಅಂದರು:

“ಮಾರಿ ತೊಳೀಬೇಕಂತ ಲಿಂಗ ಇಕಿ ಕೈಯಾಗ ಕೊಟ್ಟಿದ್ನೋ ಯಪ್ಪಾ! ಯಾವಾಕಿನೋ ಕೇಳಿದ್ಲಂತ ಕೊಟ್ಟು ನಿಂತಾಳ ನೋಡು. ಇಕಿ ಹೆಣಾ ಎತ್ತಲಿ!”

ನಾನು ಬಾಯಿ ತೆರೆಯುವುದರೊಳಗೆ ಯಜಮಾನರ ಕೈ ಬಿತ್ತು. ಟಾಂಗಾದವರು, ಹಮಾಲರು, ಹಣ್ಣು ಮಾರುವವರು ಎಲ್ಲ ನಿಂತು ನೋಡಿದರು. ಶಿವನ ದಯೆ, ಏಟು ಕೆನ್ನೆಗೆ ಬಿತ್ತು, ಕಿವಿಗೆ ಬೀಳಲಿಲ್ಲ.

ದವಾಖಾನೆಗೆ ಅತ್ತೆ ಒಲ್ಲೆ ಎಂದರು. ಲಿಂಗವಿಲ್ಲದ ದೇಹಕ್ಕೆ ಔಷಧ ಯಾಕೆ, ಹೊಸ ಲಿಂಗ ಕಟ್ಟುವ ತನಕ ಹನಿ ನೀರೂ ಮುಟ್ಟುವುದಿಲ್ಲ ಎಂದರು. ಸಿಕ್ಕ ಗಾಡಿಗೆ ತಿರುಗಿ ಬಂದೆವು. ಮಠದ ಅಯ್ಯನವರು ಯಾರದೋ ಕಾರ್ಯಕ್ಕೆ ಸಿಂದಗಿಗೆ ಹೋಗಿದ್ದರು. ಅವರು ಬಂದದ್ದು ಮರುದಿನ ಮಧ್ಯಾಹ್ನ. ಅಷ್ಟೊತ್ತಿಗೆ ಅತ್ತೆಯ ತುಟಿ ಬಿರಿದು ರಕ್ತ ಬಂದಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಮನೆಯ ತುಂಬ ಓಣಿಯ ಜನ. ಬಂದವರೆಲ್ಲ ಮೊದಲು ಅವರನ್ನು ನೋಡುವರು, ಆಮೇಲೆ ನನ್ನನ್ನು. ಒಬ್ಬಾಕೆ ನನಗೆ ಕೇಳುವ ಹಾಗೆಯೇ ಹೇಳಿದಳು: “ಮುದುಕಿ ಸತ್ರ ಇಕಿಗೇನ ಬಿಡು, ಕೀಲಿಕೈ ಸೊಂಟಕ್ಕ ಬರ್ತಾವ.”

ಅಯ್ಯನವರು ಹೊಸ ಲಿಂಗವನ್ನು ಬಟ್ಟಲಲ್ಲಿಟ್ಟುಕೊಂಡು ಕುಳಿತರು.

“ತಾಯೀ, ಹೋದದ್ದು ಹ್ಯಾಂಗ ಹೋತು, ಖರೇ ಹೇಳಬೇಕು. ಸುಳ್ಳ ಹೇಳಿದ ಕೊರಳಿಗಿ ಲಿಂಗ ಕಟ್ಟಾಕ ಬರೂದಿಲ್ಲ.”

ಅತ್ತೆ ಅಯ್ಯನವರನ್ನು ನೋಡಲಿಲ್ಲ. ಪೊರೆ ಬಂದ ಕಣ್ಣನ್ನು ನನ್ನ ಕಡೆ ತಿರುಗಿಸಿ, ನನ್ನತ್ತ ಬೆರಳು ಮಾಡಿದರು. ಸುಳ್ಳನ್ನು ತಾವು ಹೇಳುವ ಹಾಗಿಲ್ಲ, ಅದಕ್ಕೆ ನನ್ನಿಂದ ಹೇಳಿಸಬೇಕಿತ್ತು. ನಾನು ಖರೆ ಹೇಳಿದರೆ ಅವರು ಒಪ್ಪುವುದಿಲ್ಲ, ವಾದವಾಗುತ್ತದೆ, ಹೊತ್ತು ಮುಳುಗುತ್ತದೆ, ಆ ನಾಲಿಗೆ ಅಷ್ಟು ಹೊತ್ತು ತಾಳುವುದಿಲ್ಲ. ಖರೆ ಹೇಳದಿದ್ದರೆ ಅಣ್ಣನ ಬಾಗಿಲು. ಎರಡೂ ನನಗೆ ತಿಳಿದಿತ್ತು. ನನ್ನ ಕೊರಳ ಲಿಂಗವನ್ನು ಸೆರಗಿನ ಮೇಲಿನಿಂದ ಮುಷ್ಟಿಯಲ್ಲಿ ಹಿಡಿದು ಹೇಳಿದೆ:

“ನನ್ನ ಕೈಯಾಗಿಂದ ಹೋತ್ರಿ, ಅಯ್ಯನವರ.”

ಲಿಂಗ ಕಟ್ಟಿದರು. ಪೂಜೆಯಾಯಿತು. ಅತ್ತೆ ಒಂದು ತಂಬಿಗೆ ನೀರನ್ನು ಗಟಗಟ ಕುಡಿದು, ತುಟಿ ಒರೆಸಿಕೊಂಡು ಆಡಿದ ಮೊದಲ ಮಾತು: “ಇಕಿನ್ನ ನಾಳಿಗೇ ತವರಿಗೆ ಕಳಸ್ರಿ.”

ಕಳಿಸಿದರು.

ತವರಿನಲ್ಲಿ ಐದು ತಿಂಗಳು. ಅಣ್ಣನ ಹೆಂಡತಿ ಎಲ್ಲರ ಊಟವಾದ ಮೇಲೆ ಬುಟ್ಟಿಯ ತಳದ ರೊಟ್ಟಿ ಕೊಡುತ್ತಿದ್ದಳು. ಎಲ್ಲರೂ ಉಂಡ ಮೇಲೂ ಉಳಿಯುತ್ತಿತ್ತಲ್ಲ, ಅದು ದೇವರ ಕೃಪೆ. ತೊಗರಿ ಹೊಲದ ಕಳೆ ತೆಗೆದೆ, ಅವಳ ಬಾಣಂತನ ಮಾಡಿದೆ. ಅವಳು ಬಂದವರಿಗೆ, “ಲಿಂಗಾ ಕಳದು ಬಂದಾಳ, ಕೂಸು ಎತ್ತಿಕೊಳ್ಳಾಕ ಕೊಡೂದಿಲ್ಲ ನಾ” ಎನ್ನುತ್ತಿದ್ದಳು. ನನ್ನ ತಾಯಿ ಎಲ್ಲ ಕೇಳಿಸಿಕೊಂಡು ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ಅವಳೂ ಅದೇ ಬುಟ್ಟಿಯಲ್ಲಿ ಉಣ್ಣುವವಳು, ಏನು ಹೇಳಿಯಾಳು?

ಆರನೆಯ ತಿಂಗಳಲ್ಲಿ ಯಜಮಾನರು ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂಡಲಿಲ್ಲ.

“ಅವ್ವನ ಕಣ್ಣು ಪೂರಾ ಹೋಗ್ಯಾವ. ಒಲಿ ಮುಂದ ಕುಂದ್ರಾವ್ರು ಯಾರೂ ಇಲ್ಲ. ನಡಿ.”

ನಾನು ಗಂಟು ಕಟ್ಟಿಕೊಂಡು ಹೊರಟೆ. ಅಣ್ಣನ ಹೆಂಡತಿ ಬಾಗಿಲ ತನಕ ಬಂದು ನಗುತ್ತ ಕಳಿಸಿದಳು. ಇಂಡಿಯಲ್ಲಿ ಬಸ್ಸಿಳಿದ ಮೇಲೆ ನಮ್ಮ ಹಳ್ಳಿಗೆ ಎರಡು ಹರದಾರಿ ನಡಿಗೆ. ಅವರು ಮುಂದೆ, ನಾನು ಹಿಂದೆ. ಸುತ್ತ ಕೊಯ್ದ ಜೋಳದ ಹೊಲ, ಒಂದು ನರಪಿಳ್ಳೆಯಿಲ್ಲ. ಇವತ್ತು ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

“ರೀ, ಕರಡಿಗಿ ನಾ ಕೊಟ್ಟಿಲ್ರಿ.”

“ಗೊತ್ತೈತಿ” ಎಂದರು, ತಿರುಗಿ ನೋಡದೆ.

ನನಗೆ ಅರ್ಥವಾಗಲಿಲ್ಲ. “ಅತ್ತಿ ಹೇಳಿದ್ರೇನ್ರಿ?”

“ಅವ್ವ ಯಾಕ ಹೇಳ್ತಾಳ? ಟಾಂಗಾದ ಹತ್ತರ ನಿಂತು ನಾನ ನೋಡೀನಿ. ಎರಡೂ ಕೈಲೆ ಕೊಟ್ಳು. ಇಭೂತಿ ಹಚ್ಚಿದಾಕಿ ಅಂತ ನಾನೂ ಸುಮ್ಮನಾದೆ.”

ನನ್ನ ಕಾಲು ನಿಂತವು. “ಮತ್ತ ನನ್ನ ಯಾಕ ಬಡದ್ರಿ?”

“ಅವ್ವನ್ನ ಬಡಿಯಾಕ ಬರ್ತೈತೇನು?” ಎಂದರು. ಒಂದಿಷ್ಟು ನಡೆದು ಮತ್ತೆ ಅಂದರು: “ಮಂದಿ ನೋಡಾಕತ್ತಿದ್ರು. ಯಾರಿಗರೇ ಬಡೀಬೇಕಿತ್ತು.”

ಬಸ್ಸು ಇನ್ನೂ ಹಿಂದೆ ಧೂಳಿನಲ್ಲಿ ಕಾಣುತ್ತಿತ್ತು. ಅದು ಸಂಜೆಗೆ ಸಿಂದಗಿಗೆ ತಿರುಗಿ ಹೋಗುವ ಬಸ್ಸು. ಆ ದಾರಿಯ ಕೊನೆಗೆ ಯಾರಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಯಜಮಾನರು ದೂರ ಹೋಗಿ ನಿಂತು ಕೂಗಿದರು:

“ನಿಂತೀ ಯಾಕ? ಲಗು ಲಗು ಬಾ. ಅವ್ವ ಮುಂಜಾನಿಂದ ಉಂಡಿಲ್ಲ.”

ನಾನು ಗಂಟನ್ನು ತಲೆಯ ಮೇಲೆ ಸರಿಮಾಡಿಕೊಂಡು ಲಗುಬಗೆಯಿಂದ ನಡೆದೆ.