ಎಡಗೈ ಹೆಬ್ಬೆಟ್ಟಿನ ವಿರಾಸತ್

ದೊಡ್ಡವ್ವನ ಎಡಗೈ ತೊಳೆದವಳು ನಾನು. ಕೋರ್ಟಿನಲ್ಲಿ ಹೇಳಿದ್ದನ್ನೇ ಇಲ್ಲಿಯೂ ಮೊದಲು ಹೇಳುತ್ತೇನೆ.

ದೊಡ್ಡವ್ವ ನಮ್ಮವ್ವನ ಅಕ್ಕ. ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವಳಿಗೆ ಮನೆ, ಸ್ವಲ್ಪ ಹೊಲ ಇದ್ದವು. ಗಂಡ ಸತ್ತು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಗಂಡನಿಂದ ದೂರಾದವಳು, ಅವಳ ಜೊತೆಗಿದ್ದು ಹೊಲ ಮಾಡಿಸುತ್ತಿದ್ದಳು. ನಾನು ಅಕ್ಕ ಎನ್ನುವುದು ಅವಳಿಗೆ. ಪಕ್ಕದ ಹೊಲ ದೊಡ್ಡವ್ವನ ಮೈದುನನ ಮಗನದು. ಅವನಿಗೆ ನಾವಿಬ್ಬರೂ ಅಣ್ಣ ಎನ್ನುತ್ತಿದ್ದೆವು.

ದೊಡ್ಡವ್ವ ತೀರಿದ ಸುದ್ದಿ ಬಂದ ದಿನ ನಾನು ಬೀದರದಿಂದ ಮೊದಲ ಬಸ್ಸು ಹಿಡಿದು ಹೋದೆ. ಅಕ್ಕ ಅಂಗಳದಲ್ಲಿ ಕೂತು ಅಳುತ್ತಿದ್ದಳು. ಒಳಮನೆಯ ಬಾಗಿಲು ಹಾಕಿತ್ತು. ‘ಡಾಕ್ಟರ್ ನೋಡ್ಲಾಕತ್ಯಾರ, ಹೆಣ್ಮಕ್ಕಳು ಹೊರಗ ಕೂಡ್ರಿ’ ಎಂದು ಅಣ್ಣ ಹೇಳಿದ್ದನಂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಣ್ಣ, ಅವನ ಹಿಂದೆ ಬಗಲಲ್ಲಿ ಚೀಲ ಇಟ್ಟುಕೊಂಡ ಒಬ್ಬಾತ ಹೊರಬಂದರು. ಸತ್ತವಳನ್ನು ನೋಡಲು ಡಾಕ್ಟರ್ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಬಿ.ಎ. ಓದಿದವಳು ನಾನು.

ಹೆಂಗಸರು ಹೆಣಕ್ಕೆ ಮೀಸಲು ನೀರು ಹಾಕಿದರು. ಎಡಗೈ ನನ್ನ ಪಾಲಿಗೆ ಬಂತು. ಹೆಬ್ಬೆರಳಿಗೆ ನೀಲಿ ಮಸಿ ಮೆತ್ತಿಕೊಂಡಿತ್ತು, ಉಗುರಿನ ಸಂದಿಯಲ್ಲೂ. ಪಿಂಚಣಿಯದೋ ರೇಷನ್ನಿನದೋ ಇರಬೇಕು ಅಂದುಕೊಂಡೆ. ‘ಅಯ್ಯನೋರು ಬರ್ತಾರ, ಲಗೂ ತಿಕ್ಕವ್ವ, ಆ ಕೈಯಾಗ ಲಿಂಗ ಇಡಬೇಕು’ ಎಂದಳು ನೆರೆಮನೆಯಾಕೆ. ಬಟ್ಟೆ ಒಗೆಯುವ ಸಾಬೂನು, ತೆಂಗಿನ ನಾರು ತೆಗೆದುಕೊಂಡು ತಿಕ್ಕಿದೆ. ಬೆರಳು ಆಗಲೇ ಸೆಟೆದಿತ್ತು. ಪೂರ್ತಿ ಹೋಗಲಿಲ್ಲ, ಮೇಲೆ ವಿಭೂತಿ ಹಚ್ಚಿದೆ. ಅಯ್ಯನವರು ಬಂದು ಆ ಅಂಗೈಯಲ್ಲಿ ಲಿಂಗ ಇಟ್ಟರು. ಕುಳಿತ ಭಂಗಿಯಲ್ಲೇ ದೊಡ್ಡವ್ವನನ್ನು ಮಣ್ಣು ಮಾಡಿ ಬಂದೆವು.

ಸತ್ತವರ ಹೊಲ ಮಕ್ಕಳ ಹೆಸರಿಗೆ ಆಗುವುದಕ್ಕೆ ನಮ್ಮ ಕಡೆ ವಿರಾಸತ್ ಎನ್ನುತ್ತಾರೆ. ಕರ್ಮಾದಿಗಳು ಮುಗಿದ ಮೇಲೆ ಅಕ್ಕ, ನಾನು ಅರ್ಜಿ ಹಿಡಿದು ಹೋದೆವು. ಊರ ಹೊಲಗಳ ಲೆಕ್ಕ ನೋಡುವ ತಲಾಠಿ ಕಾಗದ ತಿರುವಿ ಹೇಳಿದ:

‘ಆಗಂಗಿಲ್ಲ ಬಾಯಿ. ತಕರಾರು ಬಂದದ. ನಿಮ್ಮವ್ವ ಮನಿ, ಹೊಲ ಎಲ್ಲಾ ಮೈದುನನ ಮಗನಿಗಿ ಬರದು ಕೊಟ್ಟಾಳ. ಸತ್ತ ಮ್ಯಾಲ ಎಲ್ಲಾ ಅವಗೇ ಅಂತ ಮೃತ್ಯುಪತ್ರ ಅದ. ಇಲ್ಲಿ ನೋಡ್ರಿ, ಎಡಗೈ ಹೆಬ್ಬೆಟ್ಟು.’

ಅಕ್ಕ ಅಕ್ಷರ ಬಾರದವಳು. ಅವಳು ಕೇಳಿದ್ದು ಒಂದೇ ಮಾತು: ‘ಎಡಗೈಯಾ? ನಮ್ಮವ್ವ ಎಡಗೈಗಿ ಮಸಿ ಹಚ್ಚಿಸ್ಕೊಂತಾಳೇನ್ರಿ?’

ಹಚ್ಚಿಸಿಕೊಳ್ಳುತ್ತಿರಲಿಲ್ಲ. ದಿನಾ ಲಿಂಗ ಇಟ್ಟು ಪೂಜಿಸುವ ಕೈ ಅದು. ಪಿಂಚಣಿಗೆ, ಸೊಸೈಟಿಗೆ, ಎಲ್ಲಿ ಹೋದರೂ ‘ಅದು ಲಿಂಗದ ಕೈ, ಇದು ತಗೋ’ ಎಂದು ಬಲಗೈ ಮುಂದೆ ಮಾಡುತ್ತಿದ್ದಳು. ಗುಮಾಸ್ತರು ಬೈದುಕೊಂಡು ಪಕ್ಕದಲ್ಲಿ ‘ಬಲಗೈ’ ಎಂದು ಬರೆದುಕೊಳ್ಳುತ್ತಿದ್ದರು. ಅದು ನೆನಪಾದ ಕ್ಷಣ ನಾನು ತಿಕ್ಕಿದ್ದು ಯಾವ ಮಸಿ ಎಂದು ತಿಳಿಯಿತು.  ಸತ್ತವಳ ಬೆರಳನ್ನು ಅಣ್ಣ ಹೇಗೆ ಬಿಡಿಸಿರಬೇಕು, ಎಷ್ಟು ಒತ್ತಿರಬೇಕು. ಆಮೇಲೆ ಬಂದು ಹೆಣಕ್ಕೆ ಹೆಗಲು ಕೊಟ್ಟನಲ್ಲ.

ಔರಾದ ಕೋರ್ಟಿನಲ್ಲಿ ದಾವೆ ಹಾಕಿದೆವು. ಆ ಕಾಗದ ಖರೆ ಎಂದಾದರೆ ಅಕ್ಕನಿಗೆ ಮನೆಯೂ ಇಲ್ಲ, ಹೊಲವೂ ಇಲ್ಲ. ವಿಚಾರಣೆಯ ದಿನಕ್ಕೆ ಅಲ್ಲಿ ಪೇಶಿ ಎನ್ನುತ್ತಾರೆ. ಎಷ್ಟು ಪೇಶಿಗಳೋ. ಎಲೆಅಡಿಕೆ ಉಗಿದು ಕೆಂಪಾದ ಮೂಲೆಯ ಪಕ್ಕದಲ್ಲೇ ನಿಲ್ಲಬೇಕು, ಹೆಸರು ಕೂಗುವವರೆಗೆ ಉಚ್ಚೆಗೂ ಹೋಗುವಂತಿಲ್ಲ. ಕೂಗಿದ ಮೇಲೆ ಮುಂದಿನ ತಾರೀಖು. ಅಣ್ಣ ಎದುರು ಬೆಂಚಿನಲ್ಲಿ ಕೂತು ‘ಉಂಡೇನವ್ವ ತಂಗಿ?’ ಎಂದು ಕೇಳುತ್ತಿದ್ದ.

ಅಕ್ಕನ ವಕೀಲರು ವಯಸ್ಸಾದ ಮುಸ್ಲಿಂ ಸಾಹೇಬರು, ಮೂರು ತಲೆಮಾರಿನಿಂದ ಬೀದರದವರು. ನನ್ನ ಸಾಕ್ಷಿಯ ಹಿಂದಿನ ದಿನ ಹೇಳಿದರು: ‘ಬೇಟಿ, ನೀ ಓದಿದಾಕಿ, ಅದೇ ನನಗ ಅಂಜಿಕಿ. ಓದಿದವರು ಭಾಳ ಮಾತಾಡ್ತಾರ. ಕಂಡಿದ್ದು ಹೇಳು, ತಿಳ್ಕೊಂಡಿದ್ದು ಮನ್ಯಾಗ ಇಟ್ಟು ಬಾ.’

ಮರುದಿನ ಬೆಳಿಗ್ಗೆ ಬೀದರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅಣ್ಣನ ಕಾರು ಬಂದು ನಿಂತಿತು. ‘ಅಕ್ಕಗ ಕೋರ್ಟಿನ್ಯಾಗ ಚಕ್ಕರ್ ಬಂದು ಬಿದ್ದಾಳ. ಲಗೂ ಹತ್ತು.’ ಫೋನು ಹಚ್ಚಿದೆ, ಅಕ್ಕ ಎತ್ತಲಿಲ್ಲ. ಹತ್ತಿದೆ. ಊರು ದಾಟಿದ ಮೇಲೆ ಇನ್ನೊಬ್ಬ ಹತ್ತಿ ನನ್ನ ಸೀಟಿನ ಹಿಂದೆ ಕೂತ. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ಗುಟ್ಕಾ ವಾಸನೆ ಮಾತ್ರ ಕುತ್ತಿಗೆಗೆ ಬಡಿಯುತ್ತಿತ್ತು.

ಕಾರು ಔರಾದ ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿಯಿತು. ಕೆಂಪುಕಲ್ಲು ತೆಗೆದು ಬಿಟ್ಟ ಖಣಿ, ತುಂಬ ನೀರು. ಅಣ್ಣ ಇಳಿದು ನನ್ನ ಕಡೆಯ ಬಾಗಿಲು ತೆಗೆದ.

‘ಬಾ, ನೋಡು. ಎಷ್ಟು ಆಳ ಅದಂತ ಯಾರಿಗೂ ಗೊತ್ತಿಲ್ಲ. ಹೋದ ವರ್ಷ ಒಂದು ಎಮ್ಮಿ ಬಿತ್ತು, ಸಿಗಲೇ ಇಲ್ಲ.’

‘ಅಣ್ಣಾ, ಪೇಶಿಗಿ ತಡ ಆಗ್ತದ.’

‘ನೀ ಏನೂ ನೋಡಿಲ್ಲ ಅಂದ್ರ ತಡಾನೂ ಆಗಂಗಿಲ್ಲ, ಏನೂ ಆಗಂಗಿಲ್ಲ. ನಿನಗೂ ಮಕ್ಕಳವ ತಂಗಿ.’

ಹಿಂದಿನವನು ಮೆಲ್ಲಗೆ ನಕ್ಕ. ನಾನು ಎರಡೂ ಕೈಯಿಂದ ಸೀಟು ಹಿಡಿದುಕೊಂಡು ಕೂತೆ. ನೀರಿನ ಮೇಲೆ ಒಂದು ಚಪ್ಪಲಿ ತೇಲುತ್ತಿತ್ತು. ಈಗಲೂ ನನ್ನ ನೆನಪು ಅಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತದೆ: ಇಳಿದಿದ್ದರೆ? ಅವನು ಕೈ ಹಿಡಿದು ಎಳೆದಿದ್ದರೆ? ಅಷ್ಟರಲ್ಲಿ ದಂಡೆಯಲ್ಲಿ ಉಳಿದ ಕಲ್ಲು ತುಂಬಿಕೊಳ್ಳಲು ಒಂದು ಟ್ರ್ಯಾಕ್ಟರ್ ಬಂತು. ಮೇಲೆ ನಾಲ್ಕು ಜನ ಹೆಂಗಸರು ಕೂತಿದ್ದರು. ಅಣ್ಣ ಬಾಗಿಲು ಹಾಕಿ, ಕಾರು ತಿರುಗಿಸಿ, ನನ್ನನ್ನು ಕೋರ್ಟಿನ ಮುಂದೆ ಇಳಿಸಿದ. ಅಕ್ಕ ಬೇವಿನ ಗಿಡದ ಕೆಳಗೆ ರೊಟ್ಟಿ ತಿನ್ನುತ್ತ ಕೂತಿದ್ದಳು, ಫೋನು ಚೀಲದಲ್ಲಿತ್ತು.

ಕಟಕಟೆ ಹತ್ತಿದೆ. ಖಣಿಯ ಸಂಗತಿ ಹೇಳಲಿಲ್ಲ, ಧೈರ್ಯ ಬರಲಿಲ್ಲ. ಕೈಯ ಸಂಗತಿ ಹೇಳಿದೆ. ಅಣ್ಣನ ವಕೀಲ ಎದ್ದ.

‘ಯಾವ ಸಾಬೂನು ಹಚ್ಚಿದ್ರಿ?’

‘ಬಟ್ಟಿ ಒಗಿಯೋ ಸಾಬೂನು.’

‘ಅಂದ್ರ ಪುರಾವೆ ಒಗದು ಒಣ ಹಾಕೇ ಬಂದೀರಿ.’

ಜನ ನಕ್ಕರು. ಅಕ್ಕ ತಲೆ ತಗ್ಗಿಸಿದಳು. ನಾನು ಇಳಿದು ಬಂದು ಅವಳ ಪಕ್ಕ ಕೂತೆ.

ಮುಂದಿನ ಪೇಶಿಗೆ ಮೃತ್ಯುಪತ್ರ ಬರೆದವ ಬಂದ. ಭಾಲ್ಕಿಯಲ್ಲಿ ಅರ್ಜಿ ಬರೆದುಕೊಡುವವ. ಬಗಲಲ್ಲಿ ಚೀಲ ಇಟ್ಟುಕೊಂಡಿದ್ದ ಡಾಕ್ಟರ್ ಇವನೇ. ಬಹಳ ವಿನಯ, ಮಾತುಮಾತಿಗೆ ಕೈಮುಗಿತ. ಮುದುಕಿ ಸಾಯುವ ಆರು ತಿಂಗಳು ಮೊದಲೇ ಬರೆಸಿದ್ದಳು ಎಂದ. ನಮ್ಮ ವಕೀಲ ಸಾಹೇಬರು ಹಳೆಯ ಕಾಗದಗಳ ನಕಲು ತೋರಿಸಿದರು, ಎಲ್ಲದರಲ್ಲೂ ಬಲಗೈ. ನಿನ್ನ ಕಾಗದದಲ್ಲಿ ಮಾತ್ರ ಎಡಗೈ ಯಾಕೆ ಎಂದು ಕೇಳಿದರು.

‘ಆಯಿ ತಾನೇ ಕೊಟ್ಟಳ್ರಿ. ನಾ ಒಳಗ ಹೋದಾಗ ಲಿಂಗಪೂಜಿ ಮಾಡ್ಕೋತ ಕುಂತಿದ್ದಳು. ಪೂಜಿ ಬಿಡಲಿಲ್ರಿ, ಭಾಳ ಭಕ್ತಿ. ಹಂಗೇ ಕುಂತು ಎಡಗೈ ಚಾಚಿದಳು.’

‘ಭಾಳ ಭಕ್ತಿ,’ ಎಂದರು ವಕೀಲರು. ‘ಆವಾಗ ಲಿಂಗ ಯಾವ ಕೈಯಾಗಿತ್ತು?’

‘ಬಲಗೈಯಾಗ್ರಿ.’

ಕೋರ್ಟಿನಲ್ಲಿ ಹಿಂದೆ ಕೂತಿದ್ದ ಮುದುಕರ ಸಾಲಿನಲ್ಲಿ ಯಾರೋ ‘ಶಿವಶಿವಾ’ ಎಂದರು. ಇಷ್ಟಲಿಂಗ ಎಡಗೈಯಲ್ಲಿಟ್ಟು ಬಲಗೈಯಿಂದ ಪೂಜೆ ಮಾಡುತ್ತಾರೆ ಎಂಬುದು ಈ ಕಡೆ ಕೂಸಿಗೂ ಗೊತ್ತು. ಸಾಹೇಬರು ಮತ್ತೇನೂ ಕೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಕೂತರು. ಅಣ್ಣ ಮಾತ್ರ ಅರ್ಜಿ ಬರೆಯುವವನನ್ನು ನೋಡುತ್ತಿದ್ದ. ಖಣಿಯ ದಂಡೆಯಲ್ಲಿ ಆ ನೋಟ ನನಗೆ ಪರಿಚಯವಾಗಿತ್ತು.

ಕೆಲವು ತಿಂಗಳಿಗೆ ತೀರ್ಪು ಬಂತು: ಮೃತ್ಯುಪತ್ರ ನಂಬಲು ಆಗುವುದಿಲ್ಲ, ಮಗಳೇ ವಾರಸುದಾರಳು. ಹೆಣದ ಕೈ ಹಿಡಿದಿದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ. ‘ಅದು ಬ್ಯಾರೆ ಕೇಸ್ ಬೇಟಿ, ಹಾಕ್ತಿಯೇನು?’ ಎಂದರು ಸಾಹೇಬರು. ನಾನು ಅಕ್ಕನ ಮುಖ ನೋಡಿದೆ. ಅವಳು ಬೇಡ ಎಂದು ತಲೆಯಾಡಿಸಿದಳು.

ವಿರಾಸತ್ ಆದ ದಿನ ನಾನೂ ತಹಸೀಲ್ ಕಚೇರಿಗೆ ಹೋಗಿದ್ದೆ. ಪಹಣಿಯಲ್ಲಿ ಅಕ್ಕನ ಹೆಸರು ಕಾಣಿಸಿತು. ನನ್ನಿಂದ ಓದಿಸಿದಳು, ಮತ್ತೊಮ್ಮೆ ಓದಿಸಿದಳು. ಅಷ್ಟರಲ್ಲಿ ಅಣ್ಣ ಮೂರು ಕಪ್ಪು ಚಹಾ ಹಿಡಿದುಕೊಂಡು ಬಂದ, ಹಬ್ಬಕ್ಕೆ ಬಂದ ಬೀಗನ ಹಾಗೆ ನಗುತ್ತ.

‘ಆಗಿದ್ದು ಆಯ್ತು. ಕುಡಿಯವ್ವ. ನಾಳಿ ಬದುವಿನ ಮುಳ್ಳು ಕಡಸ್ಬೇಕು, ನಿಂದೂ ನಂದೂ ಕೂಡೇ ಕಡಸ್ತೀನಿ.’

ಅಕ್ಕ ಕಪ್ಪು ತೆಗೆದುಕೊಂಡಳು. ನಾನು ಅವಳನ್ನೇ ನೋಡುತ್ತಿದ್ದೆ. ಅವನು ಆಚೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: ‘ಹಂಗ ನೋಡಬ್ಯಾಡವ್ವ. ನೀ ಸಂಜಿಗಿ ಬೀದರಕ್ಕ ಹೋಗ್ತಿ. ನನ್ನ ಹೊಲಕ್ಕ ದಾರಿ ಅವನ ಹೊಲದಾಗಿಂದೇ ಅದ.’

ಚಹಾ ಪೂರ್ತಿ ಕುಡಿದಳು. ನನ್ನ ಕಪ್ಪು ಕಟ್ಟೆಯ ಮೇಲೆ ಹಾಗೇ ಬಿಟ್ಟು ನಾನು ಬಸ್ಸಿಗೆ ನಡೆದೆ.