ಹೆಸರು ಹೇಳದೆ ಹೇಳಿದ ಸಾಕ್ಷಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ದಿನಾ ಬಡಕೊಳ್ಳುತ್ತಿದ್ದಳು. ಕಿವಿಗೆ ಹಾಕಿಕೊಂಡವರು ಯಾರು!

ಮರಾಠಿ ಸೀಮೆಯ ನಿಗಡಿಯಲ್ಲಿರುವ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಭಾನುವಾರ ಹಾಡು ಮುಗಿದ ಮೇಲೆ ಸಾಕ್ಷಿಯ ಹೊತ್ತು. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳಬೇಕು. ನಾನು ಎದ್ದರೆ ಹಿಂದಿನ ಬೆಂಚಿನವರೂ ಕತ್ತು ಉದ್ದ ಮಾಡುತ್ತಾರೆ. ಅದರ ಸೊಕ್ಕು ನನಗಿತ್ತು.

ಕೆಳಗಿನ ಮನೆಯ ಸೊಸೆ ಕಲಬುರಗಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮತ್ತೆ ನಿಂತಾಗ ಒಂದು ಮಧ್ಯಾಹ್ನ ನನ್ನ ಅಡುಗೆಮನೆಗೆ ಬಂದು ಕೂತಳು.

"ಅಕ್ಕಾ, ನಿಮ್ಮ ಯೇಸಪ್ಪನ ಮುಂದ ನನ್ನ ಸಲುವಾಗಿ ಬೇಡ್ಕೋರಿ. ನಮ್ಮತ್ತಿ ಜೇಜುರಿ ಖಂಡೋಬಾಗ ಹರಕಿ ಹೊತ್ತಾಳ. ಇದು ಆಕಿಗೆ ಗೊತ್ತಾಗಬಾರದ್ರಿ" ಎಂದಳು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಇಬ್ಬರೂ ಕಣ್ಣೀರು ಹಾಕಿದೆವು.

ಹೆಣ್ಣು ಕೂಸು ಹುಟ್ಟಿತು, ಗುಂಡುಗುಂಡಾಗಿ. ಮುಂದಿನ ಭಾನುವಾರ ನನ್ನ ನಾಲಿಗೆ ನಿಲ್ಲಬೇಕಲ್ಲ! ಹೆಸರು ಹೇಳಲಿಲ್ಲ, ಭಾರಿ ಜಾಣೆ ನಾನು! "ನಮ್ಮ ಕೆಳಗಿನ ಮನೆಯ ಸೊಸೆ, ಕಲಬುರಗಿಯವಳು" ಎಂದಷ್ಟೇ ಹೇಳಿದೆ. ಅತ್ತೆಗೆ ತಿಳಿಯದಂತೆ ಬಂದಿದ್ದಳು ಎಂದೂ ಸೇರಿಸಿದೆ, ಅದಿಲ್ಲದಿದ್ದರೆ ಸಾಕ್ಷಿ ಸಪ್ಪೆಯಾಗುತ್ತಿತ್ತು. "ಸ್ತೋತ್ರ, ಸ್ತೋತ್ರ" ಎಂದರು ಎಲ್ಲರೂ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಕೈಯಿಂದ ಕೈಗೆ ಹೋಗಿ ಕೆಳಗಿನ ಮನೆಗೂ ಮುಟ್ಟಿತು.

ಅತ್ತೆ ಮೊಬೈಲ್ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದಳು. ಹಿಂದೆ ಸೊಸೆ, ಹಸಿ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂಸನ್ನು ಅವಚಿಕೊಂಡಿದ್ದಳು. ನನ್ನದೇ ದನಿ ಮೆಟ್ಟಿಲ ತುಂಬ ಕೇಳುತ್ತಿತ್ತು.

"ಖರೆ ಹೇಳ್ರಿ ಬಾಯಾರ. ನಮ್ಮ ಸೊಸಿ ನಿಮ್ಮ ದೇವರಿಗೆ ಬೇಡ್ಕೊಂಡಾಳೇನು?"

"ಇಲ್ರಿ. ಆಕಿ ಏನೂ ಕೇಳಿಲ್ಲ. ನಾನೇ ಬಣ್ಣ ಹಚ್ಚಿ ಹೇಳೀನಿ" ಎಂದೆ. ಅವಳನ್ನು ಉಳಿಸಲಿಕ್ಕೆ ಹಾಗೆಂದೆ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಸುಳ್ಳು. ಆ ಮುದುಕಿಯ ಕಣ್ಣಿಗೆ ಹೆದರಿದ್ದೆ, ಅಷ್ಟೇ.

ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. "ಅಕ್ಕ ಸುಳ್ಳ ಹೇಳ್ಲಾಕತ್ತಾರ, ಅತ್ತಿ. ನಾನೇ ಬಂದು ಕೇಳಿದ್ದೆ. ಯೇಸಪ್ಪಗ ಬೇಡ್ಕೊಂಡೀನಿ."

ಅತ್ತೆ ಕೂಸನ್ನು ಕಿತ್ತುಕೊಂಡು ಕೆಳಗಿಳಿದಳು. ಅಂದಿನಿಂದ ಆ ಹುಡುಗಿ ನನ್ನ ಮನೆಗೆ ಬಂದಿಲ್ಲ. ಮೆಟ್ಟಿಲಲ್ಲಿ ಎದುರಾದರೆ ತಲೆ ತಗ್ಗಿಸುವವಳು ನಾನು.

ಮೊನ್ನೆ ಭಾನುವಾರ ಪಾದ್ರಿಗಳು "ಇವತ್ತು ಸಾಕ್ಷಿ ಯಾರು ಹೇಳ್ತೀರಿ?" ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಆ ಹುಡುಗಿ ನನ್ನ ಬಾಗಿಲಲ್ಲಿ ನಿಂತು ಹೇಳಿದಂಥ ಸಾಕ್ಷಿ ಈ ಸಭೆ ಕೇಳೇ ಇಲ್ಲ. ಅದನ್ನೂ ಎದ್ದು ಹೇಳಿಬಿಡು ಎಂದು ನಾಲಿಗೆ ತುರಿಸಿತು. ಥೂ ನಿನ್ನ! ಎಂದುಕೊಂಡು ಹಾಡಿನ ಪುಸ್ತಕ ತೆರೆದು ಬಾಯಿಗೆ ಅಡ್ಡ ಹಿಡಿದೆ.