ಸಣ್ಣಮಾವನ ಕ್ರಿಸ್‌ಮಸ್ ಸಿನಿಮಾ

ಹಳೆಯ ಇಂಗ್ಲಿಷ್ ಸಿನಿಮಾಗಳಿಗೆ ಒಂದು ಸದ್ದಿದೆ. ಅದು ಮಾತಲ್ಲ, ಸಂಗೀತವೂ ಅಲ್ಲ. ಅವೆರಡರ ಹಿಂದೆ ಒಂದೇ ಸಮನೆ ಚರಚರ ಎನ್ನುತ್ತಿರುತ್ತದೆ, ಪಕ್ಕದ ಮನೆಯಲ್ಲಿ ಯಾರೋ ಮೆಣಸಿನಕಾಯಿ ಬಜ್ಜಿ ಕರಿಯುತ್ತಿರುವ ಹಾಗೆ. ಮೊನ್ನೆ ಡಿಸೆಂಬರಿನ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ನನಗೆ ಪಡಸಾಲೆಯಿಂದ ಆ ಸದ್ದು ಕೇಳಿಸಿತು. ನನ್ನ ಮಗಳು ಟಿ.ವಿ.ಗೆ ಇಂಟರ್ನೆಟ್ ಜೋಡಿಸಿ, ಸಣ್ಣಮಾವನಿಗೆ, ಅಂದರೆ ನನ್ನ ಮಾವನ ತಮ್ಮನಿಗೆ, ಕಪ್ಪುಬಿಳುಪಿನ ಕ್ರಿಸ್‌ಮಸ್ ಸಿನಿಮಾ ಹಚ್ಚಿಕೊಟ್ಟಿದ್ದಳು. ಹಿಟ್ಟಿನ ಕೈಯಲ್ಲೇ ಹೋಗಿ ನಿಂತೆ.

ಇಳಕಲ್ಲಿನ ಲಿಂಗಾಯತರ ಮನೆಗೂ ಕ್ರಿಸ್‌ಮಸ್ಸಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮದುವೆಯಾಗಿ ಗುಳೇದಗುಡ್ಡದಿಂದ ಬಂದ ಹೊಸದರಲ್ಲಿ ನಾನೂ ಕೇಳಿದ್ದೆ. ಸಂಬಂಧ ತಂದವರು ಸಣ್ಣಮಾವ. ಅವರು ಆಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಡಿಸೆಂಬರ್ ಬಂತೆಂದರೆ ಕೇಬಲ್ಲಿನ ಒಂದು ಚಾನೆಲ್ಲಿನಲ್ಲಿ ಸಂಜೆ ಹೊತ್ತು ಇಂಥ ಚಿತ್ರಗಳು ಬರುತ್ತಿದ್ದವು. ಪಾತ್ರ ಬಾಯಿ ಮುಚ್ಚುವುದರೊಳಗೆ ಅವರು ಆ ಮಾತನ್ನು ನಮ್ಮ ಕನ್ನಡಕ್ಕೆ ತಂದು ಮನೆಮಂದಿಗೆಲ್ಲ ಹೇಳುತ್ತಿದ್ದರು. ಅತ್ತೆಗೆ ಆ ಚಿತ್ರಗಳಲ್ಲಿ ಹಿಮ ಬೀಳುವುದನ್ನು ನೋಡುವುದೇ ಒಂದು ಹಬ್ಬ. "ಹತ್ತಿ ಅರಳಿ ತೂರಿದಂಗ ಬೀಳಾಕತ್ತೈತಿ ನೋಡ" ಎಂದು ಪ್ರತಿ ಚಿತ್ರದಲ್ಲೂ ಒಮ್ಮೆ ಅನ್ನದಿದ್ದರೆ ಅವರಿಗೆ ಸಿನಿಮಾ ನೋಡಿದ ಹಾಗಾಗುತ್ತಿರಲಿಲ್ಲ. ಬಜಾರದಲ್ಲಿ ಸೀರೆ ಅಂಗಡಿ ಇಟ್ಟಿದ್ದ ಮಾವನ ಕಣ್ಣು ಮಾತ್ರ ಸಿನಿಮಾದ ಊರಿನ ಅಂಗಡಿಗಳ ಮೇಲೆ. "ಇಷ್ಟ ಗಿರಾಕಿ ಬಂದಾರ, ಕುಂದರಾಕ ಒಂದ್ ಗಾದಿ ಹಾಕಿಲ್ಲ" ಎಂದು ಬೇಸರ ಮಾಡಿಕೊಳ್ಳುತ್ತಿದ್ದರು.

ನನಗೂ ಆ ಚಿತ್ರಗಳು ಹಿಡಿಸಿದವು. ಸಿನಿಮಾಕ್ಕೆ ಆಗಷ್ಟೇ ಮಾತು ಬಂದ ಕಾಲದವು. ಮಾತು ಕಲಿತ ಕೂಸಿನ ಹಾಗೆ ಅದರಲ್ಲಿ ಯಾರೂ ಸುಮ್ಮನಿರುವುದಿಲ್ಲ. ಮೆಟ್ಟಿಲು ಹತ್ತುವಾಗ ಮಾತು, ಕೋಟು ಕಳಚುವಾಗ ಮಾತು, ಅಳುವಾಗಲಂತೂ ಇನ್ನೂ ಹೆಚ್ಚು. ಏನೇ ಜಗಳವಾಗಿದ್ದರೂ ಕೊನೆಗೆ ಎಲ್ಲರೂ ಒಂದೇ ಮೇಜಿಗೆ ಊಟಕ್ಕೆ ಬರುತ್ತಾರೆ. ಬರುತ್ತಾರೆಂದು ಗೊತ್ತಿದ್ದೂ ನಾನು ಸೆರಗು ಹುಡುಕುತ್ತೇನೆ. ಬಿ.ಎ. ಓದಿದ್ದೇನೆಂಬ ಗತ್ತು ಆ ಹೊತ್ತಿಗೆ ಎಲ್ಲಿ ಹೋಗುತ್ತದೋ ಕಾಣೆ.

ನಮ್ಮ ಮನೆಯಲ್ಲಿ ಮಾತ್ರ ನಾನು ಬಂದ ವರ್ಷ ಮಾತೇ ನಿಂತಿತ್ತು. ಅದಕ್ಕೆ ಕಾರಣ ನನ್ನ ಮದುವೆ. ವೇದಿಕೆಯ ಮೇಲೆ ಮನೆಮಂದಿಯ ಫೋಟೋ ತೆಗೆಯುವಾಗ ಸಣ್ಣಮಾವ ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದರು. ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಲ್ಬಮ್ ಬಂದ ದಿನ ಅವರು, "ಬಡಸಾಕ ಬೇಕಾದ್ನಿ, ಫೋಟೋಕ್ಕ ಬ್ಯಾಡಾದ್ನಿ" ಎಂದರು. ಮಾವನಾದರೂ ಸುಮ್ಮನಿರಬಹುದಿತ್ತು. "ಮನಿ ಮದವಿಗೆ ಮನಿ ಮನಶ್ಯಾಗ ಬ್ಯಾರೆ ಕರಿಯೋಲಿ ಕಳಸಬೇಕಿತ್ತೇನು?" ಎಂದುಬಿಟ್ಟರು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ಬಂದ್. ಅಂದಿನಿಂದ ನಾನೇ ಅವರ ಟಪಾಲು. "ನಿಮ್ಮ ಸಣ್ಣಮಾವಗ ಹೇಳವಾ, ನಳಕ್ಕ ನೀರ ಬಂದೈತಿ" ಎಂದು ಮಾವ ಹೇಳುವುದು, ಪಕ್ಕದಲ್ಲೇ ಕೂತ ಸಣ್ಣಮಾವನಿಗೆ ನಾನು ಮತ್ತೆ ಹೇಳುವುದು. ಸಣ್ಣಮಾವ ಹುನಗುಂದದಲ್ಲಿ ಬೇರೆ ಮನೆ ನೋಡುತ್ತಿರುವ ಸುದ್ದಿಯೂ ಬಂತು. "ಎಳ್ಳ ಅಮಾಸಿ ದಾಟಿತಂದ್ರ ಒಲಿ ಎರಡಾಗ್ತಾವ" ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ಸೊಸೆ ಬಂದಳು, ಮನೆ ಒಡೆಯಿತು ಎನ್ನಲು ಓಣಿ ತಯಾರಾಗಿತ್ತು. ನನಗೆ ಅನ್ನ ಸೇರುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಸಣ್ಣಮಾವ ಸಿನಿಮಾಕ್ಕೇನೋ ಬಂದರು, ಆದರೆ ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಕೊಂಡರು. ಮೊದಲಿನಂತೆ ಎಲ್ಲರಿಗೂ ಹೇಳದೆ, "ನೋಡ್ರಿ ವೈನಿ" ಎಂದು ತಮ್ಮ ಅತ್ತಿಗೆಯಾದ ನನ್ನ ಅತ್ತೆಗಷ್ಟೇ ಹೇಳತೊಡಗಿದರು. ಕೇಳಕೇಳುತ್ತ ನನಗೆ ಅನುಮಾನ ಬಂತು. ಅವರ ಕನ್ನಡದಲ್ಲಿ ಆ ದೇಶದ ಹಿರಿಯರೆಲ್ಲ ಕಿರಿಯರ ಮುಂದೆ ಸಾಲಾಗಿ ತಪ್ಪೊಪ್ಪಿಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ಅವರು ಹಾಗೇನೂ ಮಾಡುತ್ತಿರಲಿಲ್ಲ.

ಒಂದು ಸಂಜೆಯ ಚಿತ್ರದಲ್ಲಿ ಇಬ್ಬರು ಅಣ್ಣತಮ್ಮಂದಿರೇ ಇದ್ದರು. ಮುನಿಸಿಕೊಂಡು ಹೋಗಿದ್ದ ತಮ್ಮ ಕ್ರಿಸ್‌ಮಸ್ ದಿನ ಅಣ್ಣನ ಅಂಗಡಿ ಬಾಗಿಲಿಗೆ ಬಂದು ನಿಂತ. ಅಣ್ಣ ತಲೆಯೆತ್ತಿ, "ಬಾಗಿಲು ಹಾಕು, ಚಳಿ ಬರುತ್ತೆ" ಎಂದ. ಅಷ್ಟೇ.

ಸಣ್ಣಮಾವ ಹೇಳಿದರು: "'ತಮ್ಮಾ, ತಪ್ಪು ನಂದ. ಎಲ್ಲಾರನೂ ಕರದು ನಿನ್ನ ಬಿಟ್ಟೆ. ನಿನ್ನ ಮೊದಲ ಕರೀಬೇಕಿತ್ತು' ಅಂತಾನ್ರಿ ವೈನಿ."

ಮಾವ ನನ್ನ ಕಡೆ ತಿರುಗಿದರು. "ಅವ ಬಾಯಿ ತಗದದ್ದು ಇಷ್ಟ. ಇಷ್ಟುದ್ದ ಮಾತು ಎಲ್ಲಿಂದ ಬಂತು? ನೀ ಇಂಗ್ಲೀಷ್ ಕಲ್ತಾಕಿ, ಹೇಳವಾ. ಅವ ಖರೇನ ಹಂಗ ಅಂದ್ನೇನು?"

ನೀವೇ ಹೇಳಿ, ನಾನೇನು ಮಾಡಬೇಕಿತ್ತು? ಇಲ್ಲ ಎಂದರೆ ಒಬ್ಬರ ಮಾನ ಹೋಗುತ್ತದೆ, ಹೌದು ಎಂದರೆ ಇನ್ನೊಬ್ಬರಿಗೆ ಮೋಸ.

"ಹೌದ್ರಿ ಮಾವಾರ, ಹಂಗ ಅಂದ."

"ಅದಕ್ಕ ಆ ತಮ್ಮ ಏನಂದ?"

ಆ ತಮ್ಮ ಟೊಪ್ಪಿಗೆಯ ಹಿಮ ಕೊಡವುತ್ತ, ಇದನ್ನೆಲ್ಲಿ ಇಡಲಿ ಎಂದು ಕೇಳಿದ್ದ. "'ಸಿಟ್ಟ ಹಿಡದು ಮಾತ ಬಿಟ್ಟದ್ದು ನಂದೂ ತಪ್ಪ, ಅಣ್ಣಾ' ಅಂದ್ರಿ" ಎಂದೆ.

ಸಣ್ಣಮಾವ ಸರಕ್ಕನೆ ನನ್ನತ್ತ ನೋಡಿದರು. ನನ್ನ ಸುಳ್ಳು ಗೊತ್ತಿದ್ದದ್ದು ಆ ಮನೆಯಲ್ಲಿ ಅವರೊಬ್ಬರಿಗೇ. ಅದನ್ನು ಬಯಲು ಮಾಡಬೇಕಾದರೆ ಮೊದಲು ತಾವು ಹೇಳಿದ ಸುಳ್ಳನ್ನು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ಮಾವ ನನ್ನನ್ನು ದಾಟಿ, ನೇರವಾಗಿ ಅವರನ್ನೇ ಕೇಳಿದರು: "ಹಂಗ ಅಂದ್ನೇನಲೇ ಅವ?"

"ಹೂಂ ಅಣ್ಣಾ. ಹಂಗ ಅಂದ."

ಮಾವ ಟಿ.ವಿ. ನೋಡುತ್ತಲೇ ಹೇಳಿದರು: "ಮತ್ತ ಬಾಗಲದಾಗ ಯಾಕ ಕುಂತಿ? ಒಳಗ ಬಾ. ಥಂಡಿ ಐತಿ."

ಸಣ್ಣಮಾವ ಕುರ್ಚಿ ಎತ್ತಿಕೊಂಡು ಒಳಗೆ ಬಂದರು. ಅತ್ತೆ ಇಬ್ಬರ ಕೈಗೂ ಅಮೀನಗಡದ ಕರದಂಟಿನ ತುಂಡು ಇಟ್ಟರು. ಹುನಗುಂದದ ಮನೆಯ ಮಾತು ಮತ್ತೆ ಬರಲಿಲ್ಲ. ಆ ಸಂಜೆಯ ಬಗ್ಗೆ ಸಣ್ಣಮಾವನಾಗಲಿ ನಾನಾಗಲಿ ಯಾವತ್ತೂ ಮಾತಾಡಲಿಲ್ಲ.

ಮಾವ ತೀರಿಹೋಗಿ ಈಗ ಕೆಲವು ವರ್ಷಗಳಾದವು. ಸಣ್ಣಮಾವನಿಗೆ ಕಿವಿ ಮಂದ. ಸಿನಿಮಾದ ಕೆಳಗೆ ಮಾತುಗಳು ಇಂಗ್ಲಿಷ್ ಅಕ್ಷರದಲ್ಲಿ ಬರುವುದರಿಂದ ಓದಿಕೊಳ್ಳುತ್ತಾರೆ. ಮೊನ್ನೆ ಮಗಳು ಹಚ್ಚಿದ್ದು ಅದೇ ಚಿತ್ರ. ತಮ್ಮ ಬಾಗಿಲಿಗೆ ಬಂದು ನಿಂತ, ಅಣ್ಣ ತಲೆಯೆತ್ತಿದ, ಬಾಗಿಲು ಹಾಕು, ಚಳಿ ಬರುತ್ತೆ ಎಂದು ಅಕ್ಷರಗಳು ಬಂದವು.

"ತಪ್ಪ ಬರದಾರ" ಎಂದರು ಸಣ್ಣಮಾವ.

"ಇಲ್ಲ ಅಜ್ಜಾ, ಬರೋಬ್ಬರಿ ಐತಿ. ನನಗ ಕೇಳಸ್ತೈತಲ್ಲ" ಎಂದಳು ಮಗಳು.

ಅವರು ಅವಳ ಮಾತು ಬಿಟ್ಟು ನನ್ನ ಕಡೆ ನೋಡಿದರು. "ನೀ ಹೇಳವಾ. ನಮ್ಮಣ್ಣ ಏನಂದ?"

ಹತ್ತಿರ ಹೋಗಿ, ಅವರ ಕಿವಿಗೆ ಕೇಳುವಷ್ಟು ಜೋರಾಗಿ ಹೇಳಿದೆ: "'ತಪ್ಪು ನಂದ, ತಮ್ಮಾ. ನಿನ್ನ ಮೊದಲ ಕರೀಬೇಕಿತ್ತು' ಅಂದ್ರಿ."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಿದ್ದು ಸುಳ್ಳೆಂದು ಈ ಸಲ ನನಗೆ ಅನ್ನಿಸಲಿಲ್ಲ.